ಸುಣ್ಣದ ಗೆರೆ ಎಳೆದ ತಮ್ಮ

ನಮ್ಮ ಸುನೀತಾ ಜೇಯಿ ಆದಳು! ನಿನ್ನೆ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ, ನಮ್ಮೂರ ಡ್ಯಾಮಿನ ಗೇಟಿನ ಆಫೀಸಿನಲ್ಲಿ, ನನ್ನ ಕಣ್ಣೆದುರಿಗೇ ಸಹಿ ಮಾಡಿ ಕುರ್ಚಿಯಲ್ಲಿ ಕುಳಿತಳು. ನನ್ನ ಮಗಳ ಮಗಳು. ನೀರಾವರಿ ಇಲಾಖೆಯ ಜೂನಿಯರ್ ಇಂಜಿನಿಯರ್. ಚಿಂಚೋಳಿ ಕಡೆಯ ಈ ಮೂಲೆಯ ಊರಿನಿಂದ ಕಲಬುರಗಿಗೆ ಹೋಗಿ ಓದಿ, ಪರೀಕ್ಷೆ ಬರೆದು, ತಿರುಗಿ ಇದೇ ನೀರಿನ ಮುಂದೆ ಬಂದು ಕುಳಿತಳು. ಬಸ್ಸಿನ ಕಂಡಕ್ಟರನಿಗೆ ಹೇಳಿದ್ದೇನೆ, ಹಾಲಿನವನಿಗೆ ಹೇಳಿದ್ದೇನೆ, ಸೇಡಂನ ಬೀಗರಿಗೆ ಫೋನ್ ಮಾಡಿ ಎರಡು ಸಲ ಹೇಳಿದ್ದೇನೆ. ಮೊದಲ ಸಲವೇ ಅವರಿಗೆ ಸರಿಯಾಗಿ ಕೇಳಿಸಿತ್ತು. ಆದರೂ ಇನ್ನೊಮ್ಮೆ ಹೇಳಿದೆ.

ನಾನು ನಾಲ್ಕನೇ ಇಯತ್ತೆ ತನಕ ಓದಿದವಳು. ಬರೆಯಬೇಕೆಂದು ಕುಳಿತದ್ದು ಸುನೀತಾಳ ಬಗ್ಗೆ. ಪೆನ್ನು ಹಿಡಿದ ಮೇಲೆ ಗೊತ್ತಾಯಿತು, ಅವಳ ಕುರ್ಚಿಯ ಪಕ್ಕದ ಕಪಾಟಿನಲ್ಲಿ ಇನ್ನೊಬ್ಬನಿದ್ದ. ಅವನನ್ನು ಬರೆಯದೆ ಇವಳನ್ನು ಬರೆಯಲು ನನಗೆ ಬರುವುದಿಲ್ಲ. ಅವನ ಹೆಸರು ಹೇಳುವುದಿಲ್ಲ. ಅವನ ಹೆಂಡತಿ ಮಕ್ಕಳು ಚಿತ್ತಾಪುರದಲ್ಲಿ ಮರ್ಯಾದೆಯಿಂದ ಇದ್ದಾರೆ. ಊರವರು ಅವನನ್ನು ಗೇಟಿನವ ಎನ್ನುತ್ತಿದ್ದರು. ನಾನು ತಮ್ಮಾ ಎನ್ನುತ್ತಿದ್ದೆ.

ಅವನ ಕೆಲಸ ಎರಡು. ಸಾಹೇಬರು ಹೇಳಿದಾಗ ಕಾಲುವೆಯ ಗೇಟು ಎತ್ತುವುದು, ಇಳಿಸುವುದು. ದಿನಾ ಬೆಳಿಗ್ಗೆ ಎಂಟಕ್ಕೆ ನೀರು ಎಷ್ಟಿದೆ ಎಂದು ನೋಡಿ ರಿಜಿಸ್ಟರಿನಲ್ಲಿ ಬರೆಯುವುದು. ಗೇಟಿನ ಗೋಡೆಯ ಮೇಲೆ ಕಪ್ಪು ಬಿಳಿ ಬಣ್ಣದಲ್ಲಿ ಅಡಿ, ಇಂಚು ಬರೆದಿದ್ದರು. ಅವನು ಮೆಟ್ಟಿಲು ಇಳಿದು, ಕೊನೆಯ ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕುಳಿತು, ತೆರೆ ಬಡಿಯದಂತೆ ಎಡಗೈಯ ಅಂಗೈಯನ್ನು ನೀರಿಗೆ ಅಡ್ಡ ಹಿಡಿಯುತ್ತಿದ್ದ. ಹೊಸ ಎತ್ತಿನ ಹಣೆಯ ಮೇಲೆ ಕೈ ಇಟ್ಟು ಸಮಾಧಾನ ಮಾಡುತ್ತಾರಲ್ಲ, ಹಾಗೆ. ಕೈಯ ಹಿಂದಿನ ನೀರು ಸುಮ್ಮನಾದ ಮೇಲೆಯೇ ಓದುತ್ತಿದ್ದ. ಅಡಿ ಇಂಚು ರಿಜಿಸ್ಟರಿಗೆ. ಊರಿಗೆ ಹೇಳುವಾಗ ಬೆರಳ ಲೆಕ್ಕ.

"ಇವತ್ತ ಈಕಿ ಎರಡ ಬೆರಳ ಇಳದಾಳ ನೋಡ್ರಿ."

ಈಕಿ ಎಂದರೆ ನೀರು. ಅವನಿಗೆ ನೀರು ಹೆಣ್ಣುಮಗಳು. ಅದು ಸಿಟ್ಟಾಗುತ್ತಿತ್ತು, ಮುನಿಸಿಕೊಳ್ಳುತ್ತಿತ್ತು, ಶ್ರಾವಣದಲ್ಲಿ ಮೈ ತುಂಬಿಕೊಳ್ಳುತ್ತಿತ್ತು.

ಅವನು ನನಗೆ ತಮ್ಮನಾದದ್ದು ಹೇಗೆಂದರೆ, ನನ್ನ ತವರೂರು ಈ ನೀರಿನ ಕೆಳಗೆ ಇದೆ. ನನ್ನ ಮದುವೆಯಾಗಿ ಮೂರನೇ ವರ್ಷಕ್ಕೆ ಊರು ಮುಳುಗಿತು. ನನ್ನನ್ನು ಕೊಟ್ಟ ಊರು ದಿಬ್ಬದ ಮೇಲಿತ್ತು, ಹಾಗಾಗಿ ಉಳಿಯಿತು. ತಗ್ಗಿನ ಹೊಲ ಮಾತ್ರ ಹೋಯಿತು. ಅಪ್ಪ ಅವ್ವ ಶಹಾಬಾದಿಗೆ ಕಲ್ಲಿನ ಗಣಿ ಕೆಲಸಕ್ಕೆ ಹೋದರು, ಅಲ್ಲೇ ತೀರಿದರು. ಒಡಹುಟ್ಟಿದವರು ಯಾರೂ ಇಲ್ಲ. ಪಂಚಮಿಗೆ ಊರಿನ ಸೊಸೆಯಂದಿರೆಲ್ಲ ತವರಿಗೆ ಹೋಗಿ ಜೋಕಾಲಿ ಆಡಿದರೆ, ನಾನು ಮನೆಯ ಹಿಂದಿನ ಕಲ್ಲಿನ ಮೇಲೆ ನೀರಿಗೆ ಮುಖ ಮಾಡಿ ಕುಳಿತಿರುತ್ತಿದ್ದೆ.

ಅವನು ಕೆಲಸಕ್ಕೆ ಬಂದ ಹೊಸದು. ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ಸೈಕಲ್ ನಿಲ್ಲಿಸಿ ಕುಡಿಯಲು ನೀರು ಕೇಳಿದ. ಕುಡಿದು, ಚೊಂಬು ಕೆಳಗಿಟ್ಟು ಕೇಳಿದ:

"ಯಾಕಕ್ಕಾ, ಹಬ್ಬಕ್ಕ ತವರಮನಿಗಿ ಹೋಗ್ಲಿಲ್ಲೇನು?"

ನಾನು ಕೈ ಮಾಡಿ ನೀರು ತೋರಿಸಿದೆ. ಅವನು ನೀರು ನೋಡಿದ, ನನ್ನನ್ನು ನೋಡಿದ, ಸೈಕಲ್ ಹತ್ತಿ ಹೋದ. ಮುಂದಿನ ವರ್ಷ ಪಂಚಮಿಯ ದಿನ ಜೋಳದ ಅಳ್ಳು, ಶೇಂಗಾ ಉಂಡಿ, ಹಸಿರು ಕುಪ್ಪಸದ ಖಣ ಕಟ್ಟಿಕೊಂಡು ಬಾಗಿಲಿಗೆ ಬಂದು ನಿಂತ.

"ನಿನ್ನ ತವರಮನಿ ಕಾಯೋ ನೌಕರಿ ನಂದು. ಅಂದಮ್ಯಾಲ ಉಡಿ ತುಂಬೋದೂ ನಂದೇ ಅಲ್ಲೇನು?"

ನಾನು ಅತ್ತೆಯ ಮುಂದೆಯೇ ಅತ್ತುಬಿಟ್ಟೆ. ಅಂದಿನಿಂದ ಒಂದು ವರ್ಷವೂ ತಪ್ಪಿಸಲಿಲ್ಲ. ನಾನೂ ತಪ್ಪಿಸಲಿಲ್ಲ. ಮನೆಯಲ್ಲಿ ಹೋಳಿಗೆ, ಹುಗ್ಗಿ, ಏನೇ ಸಿಹಿ ಮಾಡಿದರೂ ಬಡಿಸುವ ಮೊದಲು ಅವನ ಪಾಲು ಒಂದು ಬಟ್ಟಲಲ್ಲಿ ತೆಗೆದು ಗೋಡೆಯ ಗೂಡಿನಲ್ಲಿ ಇಡುತ್ತಿದ್ದೆ. ಮರುದಿನ ಎಂಟರ ನೀರು ನೋಡಿ ಬಂದು, ತಣ್ಣಗಾದದ್ದನ್ನು ನಿಂತುಕೊಂಡೇ ತಿಂದು ಹೋಗುತ್ತಿದ್ದ.

ಅವನಿಗೆ ಒಂದು ಮಾತು ಬರುತ್ತಿರಲಿಲ್ಲ. "ಇಲ್ಲ" ಎನ್ನುವ ಮಾತು. ಯಾರು ಏನು ಕೇಳಿದರೂ "ಹೂಂ ತಗೋರಿ" ಎನ್ನುತ್ತಿದ್ದ. ಒಮ್ಮೆ ಕಾಲುವೆ ಕೆಳಗಿನ ಇಬ್ಬರು ರೈತರಿಗೆ, ನಾಳೆಯ ಮೊದಲ ನೀರು ನಿನಗೇ ಎಂದು ಬೇರೆ ಬೇರೆಯಾಗಿ ಮಾತು ಕೊಟ್ಟಿದ್ದ. ಮರುದಿನ ಇಬ್ಬರೂ ಸಲಿಕೆ ಹಿಡಿದು ಗೇಟಿನ ಮುಂದೆ ಬಂದು ನಿಂತರು. ಇವನು ನಮ್ಮ ಅಡುಗೆಮನೆಗೆ ಬಂದು ಜೋಳ ತುಂಬಿಡುವ ಗುಮ್ಮಿಯ ಹಿಂದೆ ಕುಳಿತ.

"ಏನಪಾ, ಇಲ್ಲೇ ಗೇಟ್ ಅದ ಏನು?" ಎಂದರು ನಮ್ಮ ಮನೆಯವರು.

"ಅವ್ರ ಬಡದಾಟ ಮುಗೀಲಿ ಮಾವಾ. ಗೆದ್ದಾಂವಗ ನೀರ ಬಿಡ್ತೀನಿ."

"ಮುಂಜಾನಿ ಒಬ್ಬಾಂವಗ ಇಲ್ಲ ಅಂದಿದ್ರ ಮುಗೀತಿತ್ತಲ್ಲೋ!"

"ಇಲ್ಲ ಅಂದ್ರ ಮನಸ ಮುರೀತದ ಮಾವಾ."

ನಾವು ಹೊಟ್ಟೆ ಹಿಡಿದು ನಕ್ಕೆವು. ಅವತ್ತು ನಗುವಂಥದ್ದೇ ಆಗಿತ್ತು.

ಈಗ ಸುಣ್ಣದ ಗೆರೆಯ ವಿಷಯ ಹೇಳಬೇಕು. ದಸರೆ ಕಳೆದ ಮೇಲೆ ಕಾಲುವೆಗೆ ನೀರು ಬಿಟ್ಟ ಹಾಗೆ ಡ್ಯಾಮಿನ ನೀರು ಹಿಂದೆ ಸರಿಯುತ್ತದೆ. ಸರಿದ ಜಾಗದಲ್ಲಿ ಕರಿ ಬೆಣ್ಣೆಯಂಥ ಕೆಸರು. ಆರಿದ ಮೇಲೆ ಗೊಬ್ಬರ ಬೇಡ, ಏನೂ ಬೇಡ, ಕಡಲೆ ಹಾಕಿದರೆ ಸಾಕು. ಹೊಲ ಮುಳುಗಿದವರು ಎಲ್ಲ ಡ್ಯಾಮಿನ ದಂಡೆಯಲ್ಲೂ ಹೀಗೆ ನೀರಿನ ಹಿಂದೆ ಹಿಂದೆ ಬಿತ್ತುತ್ತ ಹೋಗುತ್ತಾರೆ. ಭೂಮಿ ಸರಕಾರದ್ದು, ಬೆಳೆ ನಮ್ಮದು. ಕಾಗದ ಯಾರ ಹತ್ತಿರವೂ ಇಲ್ಲ. ನಮ್ಮೂರಲ್ಲಿ ಕಾಗದದ ಬದಲು ಅವನ ಗೆರೆ ಇತ್ತು. ಹಳೆ ಬಟ್ಟೆಯಲ್ಲಿ ಸುಣ್ಣದ ಪುಡಿ ಗಂಟು ಕಟ್ಟಿ, ಅದನ್ನು ನೆಲಕ್ಕೆ ತಟ್ಟುತ್ತ ದಂಡೆಗುಂಟ ನಡೆದರೆ ಹಿಂದೆ ಬಿಳಿ ಗೆರೆ ಬೀಳುತ್ತಿತ್ತು. ಆ ಗೆರೆಯ ತನಕ ಬಿತ್ತಬಹುದು, ಮಳೆಗಾಲದ ತನಕ ನೀರು ಅಲ್ಲಿಗೆ ತಿರುಗಿ ಬರುವುದಿಲ್ಲ ಎಂದು ಅರ್ಥ. ಒಂದು ವರ್ಷವೂ ಗೆರೆ ಸುಳ್ಳಾಗಿರಲಿಲ್ಲ. ಅವನಿಗೂ ದಂಡೆಯ ಬೇವಿನ ಮರದ ಕೆಳಗೆ ಒಂದು ಸಣ್ಣ ಪಟ್ಟಿ ಬಿಟ್ಟುಕೊಟ್ಟಿದ್ದೆವು. ಎಲ್ಲರ ಜೊತೆ ಅವನೂ ಬಿತ್ತುತ್ತಿದ್ದ.

ನನ್ನ ಮಗಳು ಕಮಲಾ ಅವನ ಬೆನ್ನು ಹತ್ತಿ ಅಡ್ಡಾಡುತ್ತಿದ್ದಳು. ಮಾಮಾ, ಮಾಮಾ ಎಂದು. ಅವಳಿಗೆ ಅಡಿ, ಇಂಚು, ಅರ್ಧ, ಪಾವು ಎಲ್ಲ ಬಂದದ್ದು ಶಾಲೆಗಿಂತ ಮೊದಲು ಆ ಗೋಡೆಯ ಮೇಲೆ. "ಈ ಹುಡುಗಿ ತಲಿ ಭಾಳ ಚುರುಕ ಅದ ಅಕ್ಕಾ. ಓದಸು. ಮಾಸ್ತರಣಿ ಆಗ್ತಾಳ," ಎನ್ನುತ್ತಿದ್ದ.

ಅವಳು ಏಳನೇ ಇಯತ್ತೆಯಲ್ಲಿದ್ದ ವರ್ಷ ಗೇಟಿನ ಪತ್ರಾ, ಅಂದರೆ ಕಬ್ಬಿಣದ ತಗಡು, ತುಕ್ಕು ಹಿಡಿದು ಸೋರತೊಡಗಿತು. ರಿಪೇರಿ ಮಾಡಬೇಕೆಂದು ನೀರನ್ನು ಎಂದೂ ಇಳಿಸದಷ್ಟು ಇಳಿಸಿದರು. ದಸರೆಯ ಹೊತ್ತಿಗೆ ನನ್ನ ತವರೂರು ಮೇಲೆ ಬಂತು! ಮೊದಲು ಹನುಮಪ್ಪನ ಗುಡಿಯ ಕಟ್ಟೆ, ಆಮೇಲೆ ಶಾಲೆಯ ಮೊಂಡುಗೋಡೆ, ಆಮೇಲೆ ನಮ್ಮಪ್ಪನ ಮನೆಯ ಹೊಸ್ತಿಲು. ಶಹಾಬಾದ್ ಕಲ್ಲಿನ ಹೊಸ್ತಿಲು, ಅದಕ್ಕೇ ಹಾಗೇ ಇತ್ತು. ಅವ್ವ ಖಾರ ಕುಟ್ಟುವ ಒರಳು ಕೆಸರು ತುಂಬಿಕೊಂಡು ಇದ್ದಲ್ಲೇ ಇತ್ತು. ನಾನು ಕೈಯಿಂದ ಕೆಸರು ಬಗೆದು ತೆಗೆದು, ಹೊಸ್ತಿಲ ಮೇಲೆ ಕುಳಿತೆ. ದಸರೆ ಮುಗಿದ ಮರುದಿನ ಅದು. ಅವನು ಸುಣ್ಣದ ಗಂಟು ಹಿಡಿದು ಬಂದ.

"ಯಾವುದಕ್ಕಾ ನಿಮ್ಮಪ್ಪನ ಮನಿ?"

"ಕುಂತೀನಲ್ಲ, ಇದೇ. ನೀ ನಿಂತೀಯಲ್ಲ, ಅದು ಪಡಸಾಲಿ. ಚಪ್ಪಲಿ ಕಳಿ."

ಅವನು ಗಾಬರಿಯಾಗಿ ಚಪ್ಪಲಿ ಕಳೆದು ಕೈಯಲ್ಲಿ ಹಿಡಿದುಕೊಂಡು, ಗೋಡೆ ಇಲ್ಲದ ಆ ಪಡಸಾಲೆಯಲ್ಲಿ ಬೀಗರ ಮನೆಗೆ ಬಂದವನಂತೆ ನಿಂತ. ನಾನು ಕೇಳಿದೆ:

"ತಮ್ಮಾ, ಈ ಸಲ ಗೆರಿ ಇಲ್ಲಿ ತನಕ ಬರ್ತದೇನು?"

ಅವನು ನೀರಿನ ಕಡೆ ತಿರುಗಿ ಬಹಳ ಹೊತ್ತು ನೋಡಿದ. ಅಳತೆ ಮಾಡುತ್ತಿದ್ದಾನೆ ಎಂದುಕೊಂಡೆ.

"ಹೂಂ ತಗೋ ಅಕ್ಕಾ. ನಿಮ್ಮಪ್ಪನ ಅಂಗಳದಾಗೇ ಬಿತ್ತು. ಗೇಟಿನ ಪತ್ರಾ ಬರೂದಕ್ಕ ಬ್ಯಾಸಗಿ ಆಗ್ತದ."

ಹೊಸ್ತಿಲಿನಿಂದ ಇನ್ನೂ ಹತ್ತು ಹೆಜ್ಜೆ ಆಚೆಗೆ ಗಂಟು ತಟ್ಟಿ ಗೆರೆ ಎಳೆದ. ಅಲ್ಲಿಂದ ದಂಡೆಯ ಉದ್ದಕ್ಕೂ ಎಳೆಯುತ್ತ ಹೋದ. ಏಳು ಮನೆಯವರು ಅದರ ತನಕ ಬಿತ್ತಿದೆವು. ಅಂಥ ಮಣ್ಣು ಮತ್ತೆ ಯಾವಾಗ ಸಿಗುತ್ತದೆ ಎಂದು ಎಲ್ಲರೂ ಬೀಜದ ಗುಮ್ಮಿಯ ತಳ ಬಳಿದು ಹಾಕಿದರು. ನನ್ನ ಮನೆಯವರು ಕೂರಿಗೆ ಹೊಡೆಯುತ್ತಿದ್ದಾಗ ಅವನನ್ನು ಕರೆದರು:

"ಬೀಜ ತಗೊಂಡು ಬಾರೋ, ನಿನ್ನ ಪಟ್ಟಿನೂ ಹೊಡದು ಕೊಡ್ತೀನಿ."

"ಈ ವರ್ಷ ಬ್ಯಾಡ ಮಾವಾ. ಸೊಂಟ ಹಿಡದದ."

"ಕೂರಿಗಿ ಹೊಡ್ಯಾಂವ ನಾ. ನಿನ್ನ ಸೊಂಟಕ್ಕೇನ ಕೆಲಸ?"

"ಇರ್ಲಿ ಬಿಡ್ರಿ, ಮುಂದಿನ ವರ್ಷ ನೋಡೋಣಂತ."

ಕಡಲೆ ಹುಟ್ಟಿತು. ನನ್ನ ತವರಿನ ಅಂಗಳದಲ್ಲಿ ಹಸಿರು! ದಿನಾ ಹೋಗಿ ಕುಡಿ ಚಿವುಟುತ್ತಿದ್ದೆ. ಕಡಲೆ ಎಲೆಯ ಮೇಲಿನ ಹುಳಿ ಬೆರಳಿಗೆ ಅಂಟುತ್ತದಲ್ಲ, ಅದನ್ನು ನೆಕ್ಕುತ್ತ ಹೊಸ್ತಿಲ ಮೇಲೆ ಕುಳಿತಿರುತ್ತಿದ್ದೆ. ಊರು ಮುಳುಗಿದ ಮೇಲೆ ತವರಿನಲ್ಲಿ ನಾನು ಕೂತು ತಿಂದದ್ದು ಅದೊಂದೇ.

ದೀಪಾವಳಿ ಆಯಿತು. ಒಂದು ದಿನ ಲಾರಿ ಬಂತು, ಜನ ಬಂದರು, ಹೊಸ ತಗಡು ಕೂರಿಸಿ ಗೇಟು ಮುಚ್ಚಿದರು. ಮೇಲಿನಿಂದ ಹೊಳೆ ಇನ್ನೂ ಹರಿಯುತ್ತಲೇ ಇತ್ತು. ಬಂದ ನೀರು ನಿಲ್ಲತೊಡಗಿತು. ಅವನು ಅದೇ ದಿನ ರಜೆ ಹಾಕಿ ಚಿತ್ತಾಪುರಕ್ಕೆ ಹೋಗಿದ್ದ. ಗೋಡೆಯ ಅಂಕಿ ನೋಡಲು ಕಮಲಾ ಓಡುತ್ತಿದ್ದಳು. ಅವಳಿಗೆ ಓದಲು ಬರುತ್ತಿತ್ತಲ್ಲ.

"ಅವ್ವಾ, ನಾಕ ಬೆರಳ ಏರ್ಯದ."

ಮರುದಿನ, "ಅವ್ವಾ, ಐದ ಬೆರಳ."

ಪ್ರವಾಹವಾಗಿದ್ದರೆ ಒಂದೇ ಸಲ ಅತ್ತು ಮುಗಿಸುತ್ತಿದ್ದೆವು. ಇದು ಸಾಲಿನಿಂದ ಸಾಲಿಗೆ ನಡೆದು ಬಂತು. ಗಿಡ ಹೂವಿಗೆ ಬಂದಿತ್ತು. ತಿಳಿನೀರಿನ ಕೆಳಗೆ ಆ ನೇರಳೆ ಹೂವು ಎರಡು ದಿನ ಕಾಣುತ್ತಿತ್ತು, ಆಮೇಲೆ ಕೊಳೆಯುತ್ತಿತ್ತು. ಗಂಡಸರು ಮಣ್ಣಿನ ಒಡ್ಡು ಹಾಕಿದರು, ಅದೂ ಕರಗಿತು. ಹದಿನೈದು ದಿನದಲ್ಲಿ ಹೊಸ್ತಿಲು ಹೋಯಿತು, ತಿಂಗಳಲ್ಲಿ ಏಳು ಮನೆಯ ಬೆಳೆ ಹೋಯಿತು. ಕೇಳಲು ಹೋದರೆ ಸಾಹೇಬರು, ನೀರಿನ ಜಾಗದಲ್ಲಿ ಬಿತ್ತಿರಿ ಎಂದು ಯಾರು ಹೇಳಿದರು ಎಂದರು. ನಾವು ಯಾರೂ ಅವನ ಹೆಸರು ಹೇಳಲಿಲ್ಲ. ಅವನ ನೌಕರಿ ಹೋಗುತ್ತದೆ ಎಂದು.

ಆ ಚಳಿಗಾಲ ನಾವು ಶಹಾಬಾದಿಗೆ ಕಲ್ಲು ಹೊರಲು ಹೋದೆವು, ನಮ್ಮಪ್ಪ ಹೋದ ಹಾಗೆಯೇ. ಕಮಲಾ ಒಬ್ಬಳನ್ನೇ ಬಿಡಲು ಆಗದೆ ಕರೆದುಕೊಂಡು ಹೋದೆವು. ತಿರುಗಿ ಬರುವಾಗ ಅವಳ ಪರೀಕ್ಷೆ ಮುಗಿದಿತ್ತು. ಆಮೇಲೆ ಅವಳು ಶಾಲೆಗೆ ಹೋಗಲಿಲ್ಲ. ಹೋಗು ಎಂದರೆ, "ಸಣ್ಣ ಹುಡುಗೂರ ಜೋಡಿ ಕುಂದ್ರಲೇನು?" ಎಂದಳು. ಅಲ್ಲಿಗೆ ಮುಗಿಯಿತು.

ಪಂಚಮಿಗೆ ಅವನು ಬಂದ. ನಾನು ಬಾಗಿಲು ಹಾಕಿಕೊಂಡೆ. ಮಳೆ ಜಿನುಗುತ್ತಿತ್ತು. ಅಳ್ಳಿನ ಗಂಟು ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕುಳಿತೇ ಇದ್ದ. ಮಧ್ಯಾಹ್ನ ತಡೆಯಲಾಗದೆ ತೆರೆದೆ.

"ನಿನಗ ಗೊತ್ತಿತ್ತೇನು? ಖರೆ ಹೇಳು," ಎಂದೆ.

ಅವನು ಎದ್ದು ಬಂದು ನನ್ನ ತಲೆಯ ಮೇಲೆ ಕೈ ಇಟ್ಟ. "ನಿನ್ನಾಣಿ ಅಕ್ಕಾ. ನನಗೂ ಗೊತ್ತಿದ್ದಿಲ್ಲ. ಸಾಹೇಬ್ರು ನನಗೂ ಹೇಳ್ಲಿಲ್ಲ."

ತಲೆ ಮುಟ್ಟಿ ಆಣೆ ಮಾಡಿದ ಮೇಲೆ ಇನ್ನೇನು ಕೇಳುವುದು? ಅವನಿಗೂ ಮೋಸವಾಯಿತು ಪಾಪ ಎಂದು ಊರಿಗೆಲ್ಲ ನಾನೇ ಹೇಳಿಕೊಂಡು ಬಂದೆ. ಉಳಿದ ಆರು ಮನೆಯವರು ನನ್ನ ಮಾತಿನ ಮೇಲೆ ಅವನನ್ನು ಮತ್ತೆ ಮನೆಯೊಳಗೆ ಕರೆದರು. ನಿವೃತ್ತನಾಗಿ ಚಿತ್ತಾಪುರ ಸೇರಿದ ಮೇಲೂ ಪಂಚಮಿಗೆ ಬಸ್ಸು ಹಿಡಿದು ಬರುತ್ತಿದ್ದ. ಎರಡು ವರ್ಷದ ಹಿಂದೆ ತೀರಿಕೊಂಡ. ಹೋಗಿ ಒಡಹುಟ್ಟಿದವಳಂತೆ ಅತ್ತೆ. ಆಮೇಲೂ ಹಬ್ಬಕ್ಕೆ ಅವನ ಪಾಲು ತೆಗೆದಿಟ್ಟು, ಮರುದಿನ ನೀರಿಗೆ ಬಿಟ್ಟು ಬರುತ್ತಿದ್ದೆ. ಮೀನು ತಿನ್ನುತ್ತಿದ್ದವು.

ಇನ್ನು ನಿನ್ನೆಯದು. ಸುನೀತಾ ಸಹಿ ಮಾಡಿ, ಎಲ್ಲರಿಗೂ ಪೇಡೆ ಹಂಚಿ, ಕಪಾಟು ತೆಗೆದಳು. ಹಳೆಯ ರಿಜಿಸ್ಟರುಗಳ ಸಾಲು.

"ಆಯಿ, ಇಲ್ಲಿ ನೋಡು! ನಿನ್ನ ತಮ್ಮನ ಅಕ್ಷರ!"

ಹೌದು, ಅವನದೇ. ಇರುವೆ ಸಾಲಿನಂಥ ಅಕ್ಷರ. ನನಗೆ ಸಂತೋಷವಾಯಿತು. ಇವಳು ಕೂತ ದಿನ ಅವನೂ ಇದ್ದಾನಲ್ಲ ಎನಿಸಿತು. ನಾನೇ ಹೇಳಿದೆ, "ನಿಮ್ಮವ್ವ ಏಳನೇದಾಗ ಇದ್ದಳಲ್ಲ, ಆ ವರ್ಷದ್ದು ತೆಗಿ. ನನ್ನ ತವರಮನಿ ಕಂಡಾಗ ನೀರ ಎಷ್ಟಿತ್ತು ಅಂತ ಓದು."

ಹುಡುಕಿ ತೆಗೆದಳು. ಅಡಿ, ಇಂಚು ಓದಿದಳು. ಆಮೇಲೆ ಪಕ್ಕದಲ್ಲಿ ಬರೆದದ್ದನ್ನೂ ಅದೇ ಓಟದಲ್ಲಿ ಓದಿಬಿಟ್ಟಳು: "ಗೇಟಿನ ಹೊಸ ಪತ್ರಾ ಚಿಂಚೋಳಿ ಆಫೀಸಿಗೆ ಬಂದು ಮುಟ್ಟಿದೆ. ದೀಪಾವಳಿ ನಂತರ ಕೂರಿಸಿ, ಗೇಟು ಬಂದ್ ಮಾಡಿ, ನೀರು ನಿಲ್ಲಿಸುವುದು ಎಂದು ಸಾಹೇಬರ ಹುಕುಂ."

"ಇದು ಯಾವತ್ತಿಂದು?" ಎಂದೆ.

ಅವಳು ತಾರೀಖು ನೋಡಿದಳು, ಮೂರು ಸಾಲು ಕೆಳಗೆ ದಸರಾ ಎಂದು ಬರೆದದ್ದನ್ನೂ ನೋಡಿದಳು. ಅವಳ ಧ್ವನಿ ಸಣ್ಣದಾಯಿತು. ಆ ಕತೆ ಕೇಳಿಯೇ ಬೆಳೆದವಳು ಅವಳು. "ದಸರಾಕ್ಕಿಂತ ಮೂರ ದಿನ ಮೊದಲಿಂದು, ಆಯಿ."

ಗೆರೆ ಎಳೆದದ್ದು ದಸರೆ ಮುಗಿದ ಮೇಲೆ.

ಗೊತ್ತಿತ್ತು. ಚಪ್ಪಲಿ ಕಳೆದು ನನ್ನಪ್ಪನ ಪಡಸಾಲೆಯಲ್ಲಿ ನಿಂತಾಗ ಗೊತ್ತಿತ್ತು. ಬಿತ್ತು ಎಂದಾಗ ಗೊತ್ತಿತ್ತು. ನನ್ನ ತಲೆಯ ಮೇಲೆ ಕೈ ಇಟ್ಟಾಗಲೂ ಗೊತ್ತಿತ್ತು. ಕಪಾಟಿನ ಮುಂದೆ ನಿಂತು ನನಗೆ ನಾನೇ ಹೇಳಿಕೊಂಡೆ, ಹೊಸ್ತಿಲ ಮೇಲೆ ಕೂತ ಅಕ್ಕನ ಮುಖ ನೋಡಿ ಅವನಿಗೆ ಇಲ್ಲ ಎನ್ನಲು ಆಗಿರಲಿಕ್ಕಿಲ್ಲ, ಅವನ ಗುಣವೇ ಹಾಗಿತ್ತಲ್ಲ. ಹಾಗೆ ಹೇಳಿಕೊಳ್ಳುವಾಗಲೇ ಆ ಸೊಂಟನೋವು ನೆನಪಾಯಿತು. ಏಳು ಮನೆಗೆ ಇಲ್ಲ ಎನ್ನಲು ಬಾರದವನಿಗೆ ತನ್ನ ಬೀಜಕ್ಕೆ ಇಲ್ಲ ಎನ್ನಲು ಬಂದಿತ್ತು. ಕೇಳೋಣವೆಂದರೆ ಅವನಿಲ್ಲ. ಅವನ ಪರವಾಗಿ ಊರಿಗೆಲ್ಲ ಸಾಕ್ಷಿ ಹೇಳಿದವಳು ನಾನಿದ್ದೇನೆ.

ಸುನೀತಾ ರಿಜಿಸ್ಟರ್ ಮುಚ್ಚಿ, ನನ್ನ ಕೈ ಹಿಡಿದು ಹೊರಗೆ ಕರೆದುಕೊಂಡು ಬಂದಳು. ಡ್ಯಾಮಿನ ಒಡ್ಡಿನ ಮೇಲೆ ನಮ್ಮ ಓಣಿಯ ಮುದುಕರೊಬ್ಬರು, ಎಲ್ಲರ ಮುತ್ಯಾ, ಕಾಯುತ್ತಿದ್ದರು. ಅವರದೂ ಆ ಏಳು ಮನೆಗಳಲ್ಲಿ ಒಂದು.

"ನಮ್ಮ ಹುಡುಗಿನೇ ಬಂದಾಳ ಅಂತ ಭಾಳ ಖುಷಿ ಆಯ್ತು ನೋಡವ್ವ. ಈ ಸಲ ಬೇವಿನ ಗಿಡದ ಕೆಳಗ ಬಿತ್ತಲೇನು?"

"ಇಲ್ಲ ಮುತ್ಯಾ."

"ಅಲ್ಲವ್ವ, ಒಂದೀಟು. ನಾಕ ಸಾಲು."

"ನಾಕ ಸಾಲೂ ಬ್ಯಾಡ. ಕಾಲುವಿಗಿ ನೀರ ಬಿಡೂದು ತಡ ಅದ, ಫೈಲಿನ್ಯಾಗ ನೋಡೀನಿ. ನೀರ ಇನ್ನೂ ಏರ್ತದ. ಗಿಡದ ಮ್ಯಾಲಿನ ಕಡಿ ಬಿತ್ತರಿ, ಕೆಳಗ ಹಾಕಿದ್ರ ಬೀಜ ಹೋಗ್ತದ."

ಮುತ್ಯಾ ನನ್ನ ಕಡೆ ತಿರುಗಿ ಗೊಣಗಿದರು: "ಮದಲಿನ ಗೇಟಿನಾಂವ ಭಾಳ ಛಲೋ ಮನಶ್ಯಾ ಇದ್ದ ಬಿಡವ್ವ. ಒಂದಿನ ಇಲ್ಲ ಅಂದಾಂವಲ್ಲ."

ನಾನು ಅಲ್ಲೇ ಒಡ್ಡಿನ ಮೇಲೆ, ಎಲ್ಲರೆದುರಿಗೆ, ನನ್ನ ಮೊಮ್ಮಗಳ ಮುಖ ನೀವಿ ಹತ್ತೂ ಬೆರಳಿನ ನೆಟಿಕೆ ಮುರಿದೆ. ಕೆಲಸಕ್ಕೆ ಸೇರಿದ ಮೊದಲ ದಿನವೇ ಆ ಮಾತು ಹೇಳಿದಳಲ್ಲ! ನಲವತ್ತು ವರ್ಷ ಒಬ್ಬನ ಬಾಯಿಗೆ ಬಾರದ ಮಾತು!

ಸಂಜೆ ಮನೆಯ ತುಂಬ ಜನ. ಕಮಲಾ, ಅವಳ ಗಂಡ, ಸುನೀತಾ, ಸೇಡಂನಿಂದ ಬೀಗರು. ಕಡಲೆಬೇಳೆ ಹೂರಣದ ಹೋಳಿಗೆ, ಕಟ್ಟಿನ ಸಾರು, ಪುಂಡಿಪಲ್ಯ, ಬಿಸಿ ಜೋಳದ ರೊಟ್ಟಿ. ನಮ್ಮ ಮನೆಯವರು ಹೊಸ ಧೋತರ ಉಟ್ಟು, "ಜೇಯಿ ಸಾಹೇಬ್ರ, ಮದಲ ನೀವ ಕುಂದ್ರಿ" ಎಂದು ಮೊಮ್ಮಗಳಿಗೆ ಕೈ ಮುಗಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಸುಳ್ಳು ನಗುವಲ್ಲ. ಎದೆ ತುಂಬಿತ್ತು, ಅದರೊಳಗೆ ಒಂದು ಮುಳ್ಳೂ ಇತ್ತು. ಎರಡೂ ಇದ್ದವು.

ತಾಟು ಹಾಕಿದ ಮೇಲೆ ಕಮಲಾ ಎಂದಿನಂತೆ ಬಟ್ಟಲಿಗೆ ಎರಡು ಹೋಳಿಗೆ ಹಾಕಿಕೊಂಡು ಬಂದಳು. ಅವಳಿಗೆ ನಾವಿನ್ನೂ ಏನೂ ಹೇಳಿರಲಿಲ್ಲ.

"ಅವ್ವಾ, ಮಾಮಾನ ಪಾಲ ತೆಗದಿಡ್ಲಾ?"

ಸುನೀತಾ ತಲೆ ಎತ್ತಿ ನನ್ನನ್ನು ನೋಡಿದಳು.

"ಬ್ಯಾಡ," ಎಂದೆ.

"ಯಾಕ?"

"ಆ ಎರಡು ಹೋಳಿಗಿ ನಿನ್ನ ತಾಟಿಗಿ ಹಾಕ್ಕೋ. ಅವು ನಿನ್ನವು. ಯಾಕಂತ ನಾಳಿಗಿ ಹೇಳ್ತೀನಿ. ಈಗ ಉಣ್ಣು."

ಕಮಲಾ ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಬಟ್ಟಲಿನ ಹೋಳಿಗೆ ತನ್ನ ತಾಟಿಗೆ ಹಾಕಿಕೊಂಡು ಮಗಳ ಪಕ್ಕ ಕುಳಿತಳು. ನಾನೇ ಅದರ ಮೇಲೆ ಒಂದು ಸೌಟು ತುಪ್ಪ ಸುರಿದೆ. ಎಲ್ಲರೂ ಉಣ್ಣತೊಡಗಿದೆವು.